ನಾಣ್ಯ ಹುಡುಕುವ ಯಂತ್ರ: ಕೊಳ್ಳುವ ಮೊದಲು ನಮ್ಮ ಮಣ್ಣು ನೋಡಿ

ಹಳೆ ನಾಣ್ಯ, ಹಳೆ ಲೋಹದ ಸಾಮಾನು ಹುಡುಕಲು ಮೆಟಲ್ ಡಿಟೆಕ್ಟರ್ ಕೊಳ್ಳುವ ಹವ್ಯಾಸ ಈಗ ನಮ್ಮ ಕಡೆಗೂ ಬಂದಿದೆ. ಮನೆಯ ಹುಡುಗರು ಕೇಳುತ್ತಾರೆ. ಪೇಟೆಯವರು 'ನಿಮ್ಮ ಬೆಟ್ಟುಗದ್ದೆಯಲ್ಲಿ ಒಮ್ಮೆ ಆಡಿಸಿ ನೋಡ್ತೇವೆ' ಅಂತ ಬರುತ್ತಾರೆ. ಯಂತ್ರದ ಪೆಟ್ಟಿಗೆಯ ಮೇಲೆ ಬರೆದ ಆಳವೆಲ್ಲ ಕಬ್ಬಿಣದಂಶ ಕಡಿಮೆ ಇರುವ ಸಾಧು ಮಣ್ಣಿನ ಲೆಕ್ಕ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ನೆಲಕ್ಕೆ ಅದನ್ನೇ ನಂಬಿದರೆ ದುಡ್ಡು ಹೋದ ಹಾಗೆಯೇ.

ಯಂತ್ರದ ಕೆಲಸ ಹೀಗೆ. ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿ ಉಂಟು. ಬ್ಯಾಟರಿಯ ವಿದ್ಯುತ್ತು ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿದು ನೆಲಕ್ಕೆ ಕಾಂತದ ಅಲೆ ಬಿಡುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ತು ಹುಟ್ಟಿ ತಿರುಗಿ ಅಲೆ ಬರುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಶಬ್ದ ಮಾಡುತ್ತದೆ. ಈ ಜಾತಿಯ ಯಂತ್ರಕ್ಕೆ ವಿ.ಎಲ್.ಎಫ್. ಅನ್ನುತ್ತಾರೆ. ಹೊಸಬರು ಕೊಳ್ಳುವುದು ಹೆಚ್ಚಾಗಿ ಇದನ್ನೇ.

ತೊಂದರೆ ಎಂತದೆಂದರೆ, ನಮ್ಮ ಮುರಕಲ್ಲೇ ಅರ್ಧ ಕಬ್ಬಿಣ ಇದ್ದ ಹಾಗೆ. ಲಕ್ಷಾಂತರ ವರ್ಷದ ಮಳೆಗೆ ಉಳಿದ ಸಾರವೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಅಂಶ ಉಳಿದ ಕಲ್ಲು ಇದು. (1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ಟ ಬುಕಾನನ್ ಸಾಹೇಬನೂ ಇದನ್ನು ಕಂಡದ್ದು ನಮ್ಮದೇ ಕರಾವಳಿಯ ಕೆಳಗೆ, ಮಲಬಾರಿನಲ್ಲಿ.) ಮಣಿಪಾಲದ ಗುಡ್ಡದಂಥ ಜಾಗದಲ್ಲಿ ಅಗ್ಗದ ಯಂತ್ರ ಹಿಡಿದರೆ ನೆಲವೇ ಕೂಗುತ್ತದೆ. ಒಡೆದ ಹಂಚಿನ ಚೂರು, ಸುಟ್ಟ ಇಟ್ಟಿಗೆ ಕೂಡ ಒಮ್ಮೊಮ್ಮೆ ಲೋಹದ ಹಾಗೆ ಕೂಗುವುದುಂಟು.

ಇದಕ್ಕೆ ಪರಿಹಾರ 'ಗ್ರೌಂಡ್ ಬ್ಯಾಲೆನ್ಸ್'. ತಟ್ಟೆಯನ್ನು ಖಾಲಿ ನೆಲದ ಮೇಲೆ ಎತ್ತಿ ಇಳಿಸಿ, ಈ ಮಣ್ಣಿನ ಕೂಗನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಯಂತ್ರಕ್ಕೆ ಕಲಿಸುವ ವ್ಯವಸ್ಥೆ. ಗ್ಯಾರೆಟ್ ಕಂಪೆನಿಯ ಏಸ್ 250, 300ರಂಥ ಪ್ರಸಿದ್ಧ ಆರಂಭಿಕ ಯಂತ್ರಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ಕೂರಿಸಿ ಕಳಿಸುತ್ತಾರೆ. ನಾವು ತಿರುಗಿಸುವ ಹಾಗಿಲ್ಲ. ಯಂತ್ರ ಒಳ್ಳೆಯದೇ, ನಮ್ಮ ಮಣ್ಣಿಗಲ್ಲ. ನೋಕ್ಟಾ ಸಿಂಪ್ಲೆಕ್ಸ್‌ನಲ್ಲಿ ನಾವೇ ಹೊಂದಿಸಬಹುದು. ಮುರಕಲ್ಲಿನ ಜಾಗಕ್ಕೆ ಈ ಒಂದು ಗುಣ ಇಲ್ಲದ ಯಂತ್ರ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ.

ಕಾಪುವಿನ ಕಡಲ ಕರೆಯಲ್ಲಿ ಕತೆ ಬೇರೆ. ದೀಪಸ್ತಂಭದ ಆಚೀಚೆ ಒಣ ಮರಳಿನಲ್ಲಿ ಯಾವ ಯಂತ್ರವೂ ನಡೆದೀತು. ಆದರೆ ಅಲೆ ಬಡಿಯುವ ಒದ್ದೆ ಮರಳಿನಲ್ಲಿ ಉಪ್ಪುನೀರೇ ವಿದ್ಯುತ್ತು ಹರಿಸುವುದರಿಂದ, ಒಂದೇ ಅಲೆಯ ಯಂತ್ರ ಪದೇ ಪದೇ ಸುಳ್ಳು ಹೇಳುತ್ತದೆ. ಅಲ್ಲಿಗೆ ಏಕಕಾಲಕ್ಕೆ ಹಲವು ಅಲೆ ಬಿಡುವ ಯಂತ್ರವೇ ಆಗಬೇಕು. 2019ರಲ್ಲಿ ಬಂದ ಮೈನ್‌ಲ್ಯಾಬ್ ವ್ಯಾಂಕ್ವಿಶ್ ಆ ಜಾತಿಯದು. ಅದರ ತಟ್ಟೆ ನೀರಿಗೆ ತಡೆದೀತು, ಮೇಲಿನ ಪೆಟ್ಟಿಗೆ ತಡೆಯದು.

ಯಾವ ನಾಣ್ಯ ಸಿಗುತ್ತದೆ?

ಬಾರಕೂರು ಆಳುಪರ ರಾಜಧಾನಿ. ಜೋಡಿ ಮೀನಿನ ಗುರುತಿನ ಅವರ ನಾಣ್ಯಗಳು ಹೆಸರಾದವು. ವಿಜಯನಗರದ ಕಾಲದ ಶಾಸನಗಳಲ್ಲಿ 'ಬಾರಕೂರು ಗದ್ಯಾಣ' ಬರುತ್ತದೆ. ಆ ಕಾಲದ ವರಹ ಸುಮಾರು ಮೂರೂವರೆ ಗ್ರಾಮ್. ಅದರ ಹತ್ತನೇ ಒಂದು ಪಾಲು ಹಣ, ಅಂದರೆ ಮಸೂರು ಬೇಳೆಗಿಂತ ಸ್ವಲ್ಪ ದೊಡ್ಡ ಚಿನ್ನದ ಚೂರು. ನಮ್ಮ ಮಣ್ಣಿನಲ್ಲಿ ಆರಂಭಿಕ ಯಂತ್ರ ಅದನ್ನು ಹಿಡಿಯುವುದು ಬಹಳ ಕಷ್ಟ. 1835ರ ಕಂಪೆನಿ ಕಾಲು ಆಣೆಯ ತಾಮ್ರದ ಬಿಲ್ಲೆ ಆದರೆ ಸುಲಭ. ಅದೂ ಒಂದು ಗೇಣಿನಾಚೆ ಇದ್ದರೆ ಆಸೆ ಬಿಡಬೇಕು.

ಇನ್ನೊಂದು ವಿಚಿತ್ರ ಕೇಳಿ. ಯಂತ್ರದಲ್ಲಿ 'ಕಬ್ಬಿಣ ಬೇಡ' ಅಂತ ಗುಂಡಿ ಇರುತ್ತದೆ, ಮೊಳೆಯ ಕಾಟ ತಪ್ಪಿಸಲು. 1988ರ ನಂತರ ಬಂದ ನಮ್ಮ ಸ್ಟೀಲ್ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಜಾತಿ. ಆ ಗುಂಡಿ ಒತ್ತಿದರೆ ಅವುಗಳೂ ತಪ್ಪಿಹೋಗಬಹುದು. ಪರದೇಶದವರು ಬರೆದ ಪುಸ್ತಕದಲ್ಲಿ ಇದು ಇರುವುದಿಲ್ಲ.

ಪರೀಕ್ಷೆ ಮಾಡಿಯೇ ಕೊಳ್ಳಿ. ಕೊಡುವವರನ್ನು ಬೆಟ್ಟಿಗೇ ಕರೆಯಿರಿ. ಹಳೆ ತಾಮ್ರದ ಕಾಸನ್ನು ನಾಲ್ಕು ಬೆರಳು ಆಳ, ಎಂಟು ಬೆರಳು ಆಳ ಹೂತು ಆಡಿಸಿ ನೋಡಿ. ಖಾಲಿ ನೆಲದಲ್ಲೂ ಕೂಗಿದರೆ ವಾಪಸು ಕಳಿಸಿ. ಕೈಯಲ್ಲಿ ಹಿಡಿದರೆ ಕಿಲೋಮೀಟರ್ ದೂರದ ಚಿನ್ನಕ್ಕೆ ತಾನೇ ತಿರುಗುವ ಕಡ್ಡಿ ಅಂತ ತರುವವರನ್ನಂತೂ ಅಂಗಳಕ್ಕೆ ಸೇರಿಸಬೇಡಿ. ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಎಂಬವ ಗಾಲ್ಫ್ ಚೆಂಡು ಹುಡುಕುವ ಆಟಿಕೆಯ ಮಾದರಿಯಲ್ಲೇ ಕಡ್ಡಿ ಮಾಡಿ, ಬಾಂಬು ಹುಡುಕುವ ಯಂತ್ರ ಅಂತ ಇರಾಕಿಗೆ ಮಾರಿದ್ದ. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು.

ಕಾನೂನು ತಿಳಿದಿರಲಿ

ನಮ್ಮ ವರ್ಗದಲ್ಲಿದೆ ಅಂದಮಾತ್ರಕ್ಕೆ ನೆಲದಡಿ ಸಿಕ್ಕಿದ್ದು ನಮ್ಮದಾಗುವುದಿಲ್ಲ. 1878ರ ನಿಧಿ ಕಾಯಿದೆಯಲ್ಲೇ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು ಅಂತ ಇತ್ತು. ಮುಚ್ಚಿಟ್ಟರೆ ಸಿಕ್ಕಿದವನಿಗೆ ಮಾತ್ರವಲ್ಲ, ಕೈಜೋಡಿಸಿದ ಜಾಗದ ಯಜಮಾನನಿಗೂ ಶಿಕ್ಷೆ. ಕರ್ನಾಟಕಕ್ಕೆ 1962ರದ್ದೇ ಬೇರೆ ನಿಧಿ ಕಾಯಿದೆ ಉಂಟು. ಹಾಗಾಗಿ ಪೇಟೆಯವರಿಗೆ ಗದ್ದೆ ಬಿಟ್ಟುಕೊಡುವಾಗ, ಸಿಕ್ಕಿದ್ದನ್ನೆಲ್ಲ ತೋರಿಸಬೇಕು, ಕಚೇರಿಗೆ ತಿಳಿಸಬೇಕು ಅಂತ ಮೊದಲೇ ಕಾಗದದಲ್ಲಿ ಬರೆಸಿ ಸಹಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು.

ಕಾರ್ಕಳದ ಗೊಮ್ಮಟ ಬೆಟ್ಟ, ಚತುರ್ಮುಖ ಬಸದಿಯಂಥ ಸಂರಕ್ಷಿತ ಜಾಗದಲ್ಲಿ ಅಗೆಯುವ ಯೋಚನೆಯೇ ಬೇಡ. ಬಾರಕೂರಿನ ಕೋಟೆ, ಗುಡಿಗಳ ಸುತ್ತಮುತ್ತಲೂ ಅಷ್ಟೇ. ನೂರು ವರ್ಷಕ್ಕೆ ಮೀರಿದ ನಾಣ್ಯ 1972ರ ಕಾಯಿದೆಯಂತೆ ಪ್ರಾಚೀನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಾಚೆ ಕಳಿಸುವಂತಿಲ್ಲ. ಹಳೆ ನಾಣ್ಯ ಕಣ್ಣಿಂದ ನೋಡಬೇಕು ಅನ್ನುವವರಿಗೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕಿನವರು ಮಾಡಿದ ನಾಣ್ಯ ಸಂಗ್ರಹಾಲಯ ಉಂಟು. (ಆ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿಗೆ ಸೇರಿತು.)

ಇಷ್ಟೆಲ್ಲ ಆದಮೇಲೆ ಯಂತ್ರ ಯಾಕೆ ಅಂದರೆ, ನಾಟಿಯಲ್ಲಿ ಕಳೆದ ಕರಿಮಣಿ, ಮಣ್ಣಲ್ಲಿ ಹೂತುಹೋದ ಕತ್ತಿ, ಮಿಲ್ಲಿಗೆ ಹೋಗುವ ದಿಮ್ಮಿಯೊಳಗಿನ ಮೊಳೆ ಹುಡುಕಲು ಇದೇ ಯಂತ್ರ ಸಾಕು. ನಾಣ್ಯ ಸಿಗದ ವರ್ಷವೂ ಅದು ಮೂಲೆಯಲ್ಲಿ ಬಿದ್ದಿರುವುದಿಲ್ಲ.

ಬೆಟ್ಟಿನಲ್ಲಿ ಆಡಿಸುವುದಾದರೆ ಕೊಯ್ಲು ಮುಗಿದ ಕೂಡಲೇ, ನೆಲದಲ್ಲಿ ಪಸೆ ಇರುವಾಗ. ಮಾರ್ಚಿಗೆ ಮುಟ್ಟಿದರೆ ನಮ್ಮ ಮಣ್ಣು ಪಿಕ್ಕಾಸಿಗೂ ಜಗ್ಗುವುದಿಲ್ಲ.