ಲಾಕ್‌ಡೌನ್ ಕಾಲದ ಗಾಳ: ಹೊಳೆ ಕೊಟ್ಟದ್ದೆಷ್ಟು, ಕಳೆದುಕೊಂಡದ್ದೆಷ್ಟು?

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದಾಗ ನಿಂತದ್ದು ಬಸ್ಸು, ಅಂಗಡಿ, ಶಾಲೆಗಳು ಮಾತ್ರ ಅಲ್ಲ. ರವಿವಾರ ಬಂತೆಂದರೆ ಕಾರ್ಕಳದಿಂದ ಬೈಕ್ ಹತ್ತಿ ಕಾಪು ದೀಪಸ್ತಂಭದ ಬಂಡೆಗಳಿಗೋ ಹೆಜಮಾಡಿಯ ಕಡಲಿಗೋ ಹೋಗಿ ಗಾಳ ಹಾಕಿ ಕೂರುತ್ತಿದ್ದವರ ಖುಷಿಯೂ ಅಲ್ಲಿಗೆ ನಿಂತಿತು. ರಿಕ್ಷಾ ಓಡಿಸುವವರು, ಮೊಬೈಲ್ ಅಂಗಡಿಯ ಹುಡುಗರು, ಗಾರೆ ಕೆಲಸದವರು, ರಜೆಗೆ ಬಂದ ಗಲ್ಫ್ ಉದ್ಯೋಗಿಗಳು ಹೀಗೆ ವಾರವಿಡೀ ದುಡಿದು ಒಂದು ದಿನ ನೀರಿನ ಮುಂದೆ ಸುಮ್ಮನೆ ಕೂರುವ ಜನ ಇವರು. ಮೀನು ಸಿಕ್ಕಿದರೆ ಲಾಭ, ಸಿಗದಿದ್ದರೆ ನಷ್ಟವಿಲ್ಲ.

ಎಪ್ರಿಲ್ 10ರಂದು ಕೇಂದ್ರ ಗೃಹ ಸಚಿವಾಲಯ ಕಡಲ ಮೀನುಗಾರಿಕೆಗೂ ಮೀನು ಸಾಕಣೆಗೂ ಲಾಕ್‌ಡೌನ್‌ನಿಂದ ವಿನಾಯಿತಿ ಕೊಟ್ಟಿತು. ಆದರೆ ಅದು ಹೊಟ್ಟೆಪಾಡಿನ ಮೀನುಗಾರಿಕೆಗೆ. ಖುಷಿಗಾಗಿ ಗಾಳ ಹಾಕುವವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ದಾರಿಯಲ್ಲಿ ಪೊಲೀಸರು ತಡೆದು "ಎಲ್ಲಿಗೆ?" ಎಂದು ಕೇಳಿದರೆ ಔಷಧಿಗೆ, ಹಾಲಿಗೆ ಅಂತ ಹೇಳಬಹುದಿತ್ತು. "ಗಾಳ ಹಾಕ್ಲಿಕ್ಕೆ" ಅಂತ ಹೇಳಿದರೆ ಏನು ಸಿಗುತ್ತಿತ್ತು ಎಂದು ಬರೆಯಬೇಕಾಗಿಲ್ಲ!

ಕಡಲು ದೂರ, ಹೊಳೆ ಹತ್ತಿರ

ಕಾಪು ತಲುಪಲು ಆಗದವರಿಗೆ ಮನೆಯ ಹಿಂದಿನ ನೀರು ನೆನಪಾಯಿತು. ಪೇಟೆಯವರಿಗೆ ಆನೆಕೆರೆ, ರಾಮಸಮುದ್ರ. ಹಳ್ಳಿಯವರಿಗೆ ಸ್ವರ್ಣಾ, ಶಾಂಭವಿ ಮತ್ತು ಅವುಗಳಿಗೆ ಸೇರುವ ತೋಡುಗಳು. ಮಾರ್ಚ್ ಕೊನೆಗೆ ಮೂರು ಪ್ರಕರಣ ಕಂಡಿದ್ದ ಉಡುಪಿ ಜಿಲ್ಲೆಯಲ್ಲಿ ಎಪ್ರಿಲ್ ಇಡೀ ಹೊಸ ಪ್ರಕರಣ ಬರಲಿಲ್ಲ. ಮೇ ಆರಂಭದಲ್ಲಿ ಜಿಲ್ಲೆ ಹಸಿರು ವಲಯವಾಯಿತು. ಭಯ ಸ್ವಲ್ಪ ಇಳಿಯಿತು, ಜನ ಮೆಲ್ಲಗೆ ಹೊಳೆಯ ಕಡೆ ಇಳಿದರು.

ಗಾಳದ ಸಾಮಾನು ಮಾರುವ ಅಂಗಡಿಗಳು ಮುಚ್ಚಿದ್ದವು. ಅಟ್ಟದ ಮೇಲಿದ್ದ ಹಳೆ ಬಿದಿರ ಕೋಲು ಕೆಳಗೆ ಬಂತು. ಹರಿದ ಚಪ್ಪಲಿಯ ತುಂಡು ಬೆಂಡಾಯಿತು. ತೆಂಗಿನ ಬುಡದ ಎರೆಹುಳು, ಇಲ್ಲವಾದರೆ ಮೈದಾ ಹಿಟ್ಟಿನ ಉಂಡೆ. ಶಾಲೆಯಿಲ್ಲದ ಮಕ್ಕಳಿಗೆ ತಂಗೂಸಿಗೆ ಗಾಳ ಕಟ್ಟುವ ಗಂಟನ್ನು ಕಲಿಸಲು ಬಾಪನಿಗೆ ಪುರುಸೊತ್ತು ಸಿಕ್ಕಿದ್ದು ಆ ಎರಡು ತಿಂಗಳಲ್ಲೇ. ಆರಡಿ ಅಂತರ ಕಾಯುವುದಂತೂ ಗಾಳದವರಿಗೆ ಹೊಸತಲ್ಲ. ಹತ್ತಿರ ಕೂತರೆ ದಾರ ದಾರಕ್ಕೆ ಸಿಕ್ಕುಬೀಳುತ್ತದೆ ನೋಡಿ.

ಎಪ್ರಿಲ್ 24ಕ್ಕೆ ಕರಾವಳಿಯಲ್ಲಿ ನೋಂಬು ಶುರುವಾಯಿತು. ಪಳ್ಳಿಯಲ್ಲಿ ಸಾಮೂಹಿಕ ಇಫ್ತಾರ್ ಇಲ್ಲ, ತರಾವೀಹ್ ಮನೆಯಲ್ಲೇ. ಅಸರ್ ಕಳೆದು ಮಗ್ರಿಬ್‌ವರೆಗಿನ ಆ ಉದ್ದದ ಹೊತ್ತನ್ನು ಹೊಳೆಬದಿಯಲ್ಲಿ ಕಳೆದವರು ನಮ್ಮಲ್ಲಿ ಎಷ್ಟೋ ಮಂದಿ. ಮಲ್ಪೆಯ ಯಾಂತ್ರಿಕ ಬೋಟುಗಳು ನಿಂತಿದ್ದರಿಂದ ಬೂತಾಯಿ, ಬಂಗುಡೆ ಅಪರೂಪವಾಗಿತ್ತು. ಹಾರ್ನ್ ಹೊಡೆಯುತ್ತಾ ಬರುವ ಮೀನಿನ ಬೈಕೂ ಇರಲಿಲ್ಲ. ಹಾಗಾಗಿ ಮೊದಲೆಲ್ಲ "ಕೆಸರು ವಾಸನೆ" ಎಂದು ಮೂಗು ಮುರಿಯುತ್ತಿದ್ದ ಹೊಳೆ ಮೀನಿಗೂ ಬೆಲೆ ಬಂತು. ನಾಲ್ಕು ಮುಗುಡು ತಂದರೆ ಉಮ್ಮ ಪತ್ತಿರ್‌ಗೆ ಸಾರು ಮಾಡಿದಳು. ಹವ್ಯಾಸ ಅಡುಗೆಮನೆಗೆ ಬಂದದ್ದು ಹೀಗೆ.

ಕಾರ್ನಿಶ್‌ನಿಂದ ತೋಡಿನವರೆಗೆ

ಮೇ 12ರಂದು ದುಬೈಯಿಂದ 'ವಂದೇ ಭಾರತ್' ಯೋಜನೆಯ ಮೊದಲ ವಿಮಾನ ಮಂಗಳೂರಿಗೆ ಬಂತು. ನಂತರದ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡವರು, ಸಂಬಳವಿಲ್ಲದ ರಜೆಯಲ್ಲಿ ಬಂದವರು ಊರು ಸೇರಿದರು. ಕ್ವಾರಂಟೈನ್ ಮುಗಿಯಿತು, ಕೆಲಸ ಮಾತ್ರ ಇಲ್ಲ. ಅಬುಧಾಬಿ, ದುಬೈಯ ಕಡಲಂಚಿನಲ್ಲಿ ಶುಕ್ರವಾರ ಸಂಜೆ ಗಾಳ ಹಾಕಿ ಅಭ್ಯಾಸವಿದ್ದವರು ರೀಲ್ ಹಾಕಿದ ರಾಡ್ ಹಿಡಿದು ನಮ್ಮ ಹೊಳೆಗೂ ಇಳಿದರು.

ಅಲ್ಲಿ ಖುಷಿಗೆ ಮೀನು ಹಿಡಿಯುವುದಕ್ಕೂ ಪರವಾನಿಗೆ ಬೇಕು ಎಂಬುದು ಅವರಿಗೆ ಗೊತ್ತು. ಅಮೆರಿಕದಲ್ಲಿ 2020ರಲ್ಲಿ ಗಾಳ ಹಿಡಿದವರು ಸುಮಾರು 5.5 ಕೋಟಿ ಎಂದು ಅಲ್ಲಿನ ಲೆಕ್ಕ. ಪರವಾನಿಗೆಯ ಹಣ ಮೀನಿನ ಸಂರಕ್ಷಣೆಗೆ ಹೋಗುವುದರಿಂದ ಜನ ಹೆಚ್ಚಿದಷ್ಟು ಹೊಳೆ ಕಾಯುವ ಹಣವೂ ಹೆಚ್ಚಿತು. ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಸಡಿಲಿಸಿ 2020ರ ಮೇ 13ರಿಂದ ಗಾಳಕ್ಕೆ ಅವಕಾಶ ಕೊಟ್ಟರೂ, ನದಿ ಮೀನು ಮೊಟ್ಟೆಯಿಡುವ ಕಾಲವೆಂದು ಜೂನ್ ಮಧ್ಯದವರೆಗೆ ಬಹುಪಾಲು ನದಿಗಳಿಗೆ ಎಂದಿನಂತೆ ನಿಷೇಧ ಇದ್ದೇ ಇತ್ತು.

ನಮ್ಮ ಕಡಲಿಗೂ ಅಂಥ ರಜೆ ಇದೆ. ಜೂನ್, ಜುಲೈಯ 61 ದಿನಗಳ ನಿಷೇಧ ಆ ವರ್ಷ ಬೋಟಿನವರ ನಷ್ಟ ನೋಡಿ ಜೂನ್ 15ರಿಂದ 47 ದಿನಕ್ಕೆ ಇಳಿಯಿತು. ಆದರೆ ಊರ ಹೊಳೆ, ತೋಡುಗಳಲ್ಲಿ ರಜೆ ಪಾಲಿಸುವವರು ಯಾರು?

ಗುಂಡಿ ಬರಿದಾದ ಬೇಸಿಗೆ

ಇಲ್ಲೇ ಇರುವುದು ವಿಷಯ. ಎಪ್ರಿಲ್, ಮೇ ಎಂದರೆ ಹೊಳೆ ಸೊರಗುವ ಕಾಲ. ಹರಿವು ನಿಂತು ಅಲ್ಲಲ್ಲಿ ಗುಂಡಿಗಳು ಮಾತ್ರ ಉಳಿಯುತ್ತವೆ. ಮೈಲು ಉದ್ದದ ಹೊಳೆಯ ಮೀನು ಮಳೆಗಾಲ ಕಾಯುತ್ತಾ ಅದೇ ಗುಂಡಿಯಲ್ಲಿ ಇರುತ್ತದೆ. ಮೊದಲ ನೆರೆಗೆ ಮೊಟ್ಟೆ ಹೊತ್ತು ತೋಡು, ಗದ್ದೆಗೆ ಏರುವುದೂ ಇದೇ ಮೀನು. ನಾವು 'ಉಬರ್' ಎಂದು ಸಂಭ್ರಮದಿಂದ ಹಿಡಿಯುವುದೂ ಇದನ್ನೇ. ಬೇಸಿಗೆಯ ಗುಂಡಿಯೆಂದರೆ ಬರುವ ವರ್ಷದ ಬೀಜದ ಕಣಜ.

ಗಾಳಕ್ಕೆ ಒಂದು ಮಿತಿ ಇದೆ. ಒಂದು ಗಾಳಕ್ಕೆ ಒಂದು ಮೀನು, ಅದೂ ಮೀನಿಗೆ ಹಸಿವಾದರೆ. ಆದರೆ ಜನ ಹೆಚ್ಚಿದಾಗ, ಕೈಯಲ್ಲಿ ಕಾಸಿಲ್ಲದಾಗ, ಎಲ್ಲರಿಗೂ ಆ ತಾಳ್ಮೆ ಇರುವುದಿಲ್ಲ. ಗಾಳದ ಜಾಗಕ್ಕೆ ಬಲೆ ಬರುತ್ತದೆ. ಬಲೆಯ ಹಿಂದೆ ಕರೆಂಟು, ತೋಟೆ, ಮೈಲುತುತ್ತು, ಬ್ಲೀಚಿಂಗ್ ಪೌಡರ್. ವಿಷ ಬಿದ್ದರೆ ದೊಡ್ಡ ಮೀನಿನ ಜತೆ ಮರಿ, ಏಡಿ, ಕಪ್ಪೆ ಎಲ್ಲವೂ ಹೋಯಿತು. ತಿನ್ನಲು ಹೆಕ್ಕುವುದು ನಾಲ್ಕು ಕಿಲೋ, ಕೊಳೆಯಲು ಬಿಡುವುದು ಎಷ್ಟೋ.

ಇನ್ನೊಂದು ಮಾತು. ಕಾರ್ಕಳ ಪೇಟೆಗೆ ಕುಡಿಯುವ ನೀರು ಬರುವುದು ಸ್ವರ್ಣಾ ನದಿಯ ಮುಂಡ್ಲಿಯಿಂದ. ಅದೇ ನದಿ ಕೆಳಗೆ ಹರಿದು ಬಜೆಯಲ್ಲಿ ಉಡುಪಿ ನಗರಕ್ಕೆ ನೀರು ಕೊಡುತ್ತದೆ. ಮೇಲಿನ ಗುಂಡಿಗೆ ಹಾಕಿದ ವಿಷ ಕೆಳಗಿನವರ ಕೊಡಕ್ಕೆ ಹಾಕಿದ ಹಾಗೆ. ಸ್ಫೋಟಕ ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು ಅಪರಾಧ ಎಂದು ಬ್ರಿಟಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆಯೇ ಹೇಳಿದೆ. ಹೇಳಿ ನೂರು ವರ್ಷ ದಾಟಿದರೂ ಗುಂಡಿಯ ಬದಿಯಲ್ಲಿ ಕಾಯ್ದೆ ಓದುವವರಿಲ್ಲ.

ನೀರು ಹೇಳಿ ಬರುವುದಿಲ್ಲ

ಲಾಕ್‌ಡೌನ್‌ನಲ್ಲಿ ಹೊಳೆಗೆ ಹೊಸಬರು ಬಂದರು. ಹೊಸಬರಿಗೆ ಹೊಳೆ ಗೊತ್ತಿಲ್ಲ, ಹಲವರಿಗೆ ಈಜೂ ಬಾರದು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದಾಗ ಮೊಣಕಾಲು ನೀರಿದ್ದ ಕಡೆ ಆಳುದ್ದ ನೀರು ನಿಲ್ಲುತ್ತದೆ. ಮರಳು ತೆಗೆದ ಹೊಂಡ ಮೇಲಿನಿಂದ ಕಾಣುವುದಿಲ್ಲ. ಪಾಚಿ ಹಿಡಿದ ಬಂಡೆಯ ಮೇಲೆ ಚಪ್ಪಲಿ ನಿಲ್ಲುವುದಿಲ್ಲ. ಕಾರ್ಕಳದಲ್ಲಿ ಬಿಸಿಲಿದ್ದರೂ ಮಾಳದ ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ನೀರು ಗಂಟೆಯೊಳಗೆ ಏರಬಹುದು. ಸ್ವರ್ಣೆಯ ಸಿಟ್ಟು ಏನು ಎಂಬುದನ್ನು 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಇಡೀ ಉಡುಪಿ ಜಿಲ್ಲೆ ಕಂಡಿದೆ.

ಗಾಳ ಸಿಕ್ಕಿಹಾಕಿಕೊಂಡರೆ ಬಿಡಿಸಲು ನೀರಿಗೆ ಇಳಿಯುವುದು ಎಲ್ಲರೂ ಮಾಡುವ ಕೆಲಸ. ಗಾಳಕ್ಕೆ ಕೆಲವು ರೂಪಾಯಿ. ದಾರ ಕಡಿದು ಬಿಡಿ ಮಾರಾಯ್ರೆ. ಮಗ್ರಿಬ್‌ಗೆ ಮಗ ಮನೆಗೆ ಬರಲಿಲ್ಲ ಎಂದು ಕಾಯುವ ಉಮ್ಮನಿಗೆ ಗಾಳದ ಬೆಲೆ ಬೇಡ.

ಉಳಿಸಿಕೊಳ್ಳಬೇಕಾದದ್ದು

2021ರ ಎಪ್ರಿಲ್ ಕೊನೆಗೆ ಎರಡನೇ ಅಲೆ ಬಂದು ರಾಜ್ಯಕ್ಕೆ ಮತ್ತೆ ಬೀಗ ಬಿದ್ದಾಗ ಹೊಳೆಬದಿಯ ಉತ್ಸಾಹ ಮೊದಲಿನಂತೆ ಇರಲಿಲ್ಲ. ಆ ಸಲ ಮನೆಮನೆಯಲ್ಲಿ ಕಾಯಿಲೆ, ಆಕ್ಸಿಜನ್‌ನ ಚಿಂತೆ. ಆಮೇಲೆ ಎಷ್ಟೋ ರಾಡ್‌ಗಳು ಅಟ್ಟಕ್ಕೆ ಮರಳಿದವು, ಅನೇಕರು ಗಲ್ಫಿಗೆ ಮರಳಿದರು. ಆದರೂ ಆ ದಿನಗಳಲ್ಲಿ ಗಾಳ ಕಲಿತ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಮೊಬೈಲು ಕೆಳಗಿಟ್ಟು ಒಂದು ಗಂಟೆ ಬೆಂಡನ್ನು ನೋಡುತ್ತಾ ಕೂರಲು ಅವರಿಗೆ ಬರುತ್ತದೆ. ಜಾತಿ ಮತ ಕೇಳದೆ ಪಕ್ಕದವನ ಡಬ್ಬಿಯಿಂದ ಎರೆಹುಳು ಕೇಳಲೂ ಬರುತ್ತದೆ. ಸಂಶಯ, ವದಂತಿಗಳೇ ಹೆಚ್ಚಿದ್ದ ಕಾಲದಲ್ಲಿ ಹೊಳೆಬದಿ ಕಲಿಸಿದ ಈ ಪಾಠ ಸಣ್ಣದಲ್ಲ.

ಅದು ಉಳಿಯಬೇಕಾದರೆ ಹೊಳೆಯಲ್ಲಿ ಮೀನು ಉಳಿಯಬೇಕು. ಅದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಬೇಸಿಗೆಯ ಗುಂಡಿಗೆ ಗಾಳ ಸಾಕು, ಬಲೆ ಬೇಡ. ಮನೆಗೆ ಬೇಕಾದಷ್ಟು ಸಿಕ್ಕಿದ ಮೇಲೆ ಎದ್ದು ಬನ್ನಿ. ಮರಿ ಮೀನನ್ನೂ ಮೊಟ್ಟೆ ತುಂಬಿದ ಮೀನನ್ನೂ ನೀರಿಗೆ ಬಿಡಿ. ತುಂಡಾದ ತಂಗೂಸಿಯನ್ನು ದಡದಲ್ಲಿ ಎಸೆಯಬೇಡಿ, ಹಕ್ಕಿಯ ಕಾಲಿಗೆ ಸುತ್ತುತ್ತದೆ. ವಿಷ ಹಾಕುವವರು ಕಂಡರೆ ಪಂಚಾಯತ್‌ಗೋ ಪೊಲೀಸರಿಗೋ ಹೇಳಲು ಹಿಂಜರಿಯಬೇಡಿ. ಒಬ್ಬರೇ ಹೋಗಬೇಡಿ, ಮಕ್ಕಳನ್ನು ಮಾತ್ರ ಕಳಿಸಲೇಬೇಡಿ. ಮಳೆ ಹಿಡಿಯುವ ಮೊದಲು ಈ ಮಾತನ್ನು ಮನೆಯ ಹುಡುಗರಿಗೆ ಒಮ್ಮೆ ಹೇಳಿದರೆ ಸಾಕು.