ದಿನಕ್ಕೆ 20 ಪೌಂಡ್ ಕೂಲಿಯಿಂದ ಇಂಗ್ಲೆಂಡ್ ಜೆರ್ಸಿವರೆಗೆ: ‘ಜರ್ನಿಮ್ಯಾನ್’ ಫುಟ್‌ಬಾಲಿಗ ಅಂದ್ರೆ ಯಾರು?

ಫುಟ್‌ಬಾಲ್ ಅಂದ ಕೂಡಲೇ ಮೆಸ್ಸಿ, ರೊನಾಲ್ಡೊ ಹೆಸರು ಬರುತ್ತೆ. ಅಂಗಡಿ ಮುಂದೆ ನೇತುಹಾಕಿದ ಟೀ ಶರ್ಟ್‌ಗಳ ಮೇಲೂ ಅವರೇ. ಆದ್ರೆ ಈ ಆಟವನ್ನೇ ನಂಬಿ ಹೊಟ್ಟೆ ಹೊರೆಯುವ ಬಹುಪಾಲು ಆಟಗಾರರ ಬದುಕು ಹೀಗಿರಲ್ಲ. ಎರಡು ವರ್ಷ ಈ ಕ್ಲಬ್, ಒಂದು ವರ್ಷ ಆ ಕ್ಲಬ್. ಕಾಂಟ್ರ್ಯಾಕ್ಟ್ ಮುಗಿದ್ರೆ ಮನೆ ಸಾಮಾನು ಕಟ್ಟಿಕೊಂಡು ಮುಂದಿನ ಊರು. ಇಂಥವರನ್ನು ಇಂಗ್ಲಿಷ್‌ನಲ್ಲಿ ‘ಜರ್ನಿಮ್ಯಾನ್’ ಅಂತಾರೆ.

ಜರ್ನಿ ಅಂದ್ರೆ ಪ್ರಯಾಣ, ಹಾಗಾಗಿ ಊರೂರು ತಿರುಗುವವನು ಅಂತ ಅಂದ್ಕೊಳ್ಳೋದು ಸಹಜ. ಪದದ ಮೂಲ ಬೇರೆ. ಫ್ರೆಂಚ್‌ನಲ್ಲಿ ‘ಜೂರ್ನೆ’ ಅಂದ್ರೆ ಒಂದು ದಿನ, ಒಂದು ದಿನದ ದುಡಿಮೆ. ಕಸುಬು ಪೂರ್ತಿ ಕಲಿತಿದ್ದರೂ ಸ್ವಂತ ಅಂಗಡಿ ಇಲ್ಲದೆ ಇನ್ನೊಬ್ಬರ ಹತ್ತಿರ ದಿನದ ಲೆಕ್ಕದಲ್ಲಿ ದುಡಿಯುವವನು ಜರ್ನಿಮ್ಯಾನ್. ಟೈಲರ್ ಅಂಗಡಿಯಲ್ಲಿ ಮಿಷನ್ ಮುಂದೆ ಕೂತ ನುರಿತ ಕೆಲಸಗಾರನನ್ನು ನೆನೆಸಿಕೊಳ್ಳಿ. ಬೋರ್ಡ್ ಮೇಲಿನ ಹೆಸರು ಮಾಲೀಕರದ್ದು, ಹೊಲಿಗೆ ಇವನದ್ದು.

ಇದನ್ನು ಅರ್ಥ ಮಾಡ್ಕೊಳ್ಳೋಕೆ ಇಂಗ್ಲೆಂಡ್‌ನ ರಿಕಿ ಲ್ಯಾಂಬರ್ಟ್ ಅವರಷ್ಟು ಒಳ್ಳೆ ಉದಾಹರಣೆ ಸಿಗೋದು ಕಷ್ಟ. ಒಟ್ಟು ಒಂಬತ್ತು ಕ್ಲಬ್, 200ಕ್ಕೂ ಹೆಚ್ಚು ಲೀಗ್ ಗೋಲು.

15ಕ್ಕೇ ‘ಬೇಡ’ ಅಂದರು

ಲ್ಯಾಂಬರ್ಟ್ ಹುಟ್ಟಿದ್ದು 1982ರಲ್ಲಿ, ಲಿವರ್‌ಪೂಲ್ ಪಕ್ಕದ ಕರ್ಕ್‌ಬಿಯಲ್ಲಿ. ಕಾರ್ಮಿಕರೇ ಹೆಚ್ಚಿರುವ ಊರು. ಅಭಿಮಾನ ಲಿವರ್‌ಪೂಲ್ ಕ್ಲಬ್ ಮೇಲೆ, ಕಲಿತದ್ದೂ ಅದೇ ಕ್ಲಬ್‌ನ ಕಿರಿಯರ ತಂಡದಲ್ಲಿ. 15ನೇ ವಯಸ್ಸಿಗೆ ಕ್ಲಬ್ ಹುಡುಗನನ್ನು ಕೈಬಿಟ್ಟಿತು. ಅಲ್ಲಿಂದ ಬ್ಲ್ಯಾಕ್‌ಪೂಲ್. ಅಲ್ಲೂ ಆಡಿದ್ದು ಬೆರಳೆಣಿಕೆ ಪಂದ್ಯ, 2000ದಲ್ಲಿ ಅವರೂ ಬಿಟ್ಟರು.

ಆಗ ವಯಸ್ಸು 18. ಮ್ಯಾಕಲ್ಸ್‌ಫೀಲ್ಡ್ ಅನ್ನೋ ಸಣ್ಣ ಕ್ಲಬ್ ‘ಬಂದು ಪ್ರಾಕ್ಟೀಸ್ ಮಾಡು, ನೋಡೋಣ’ ಅಂದಿತು. ಸಂಬಳ ಇಲ್ಲ. ಬಸ್ ಚಾರ್ಜಿಗಾದ್ರೂ ಕಾಸು ಬೇಕಲ್ವಾ? ಬೀಟ್‌ರೂಟ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಕೆಲಸ ಏನಪ್ಪಾ ಅಂದ್ರೆ ಬೀಟ್‌ರೂಟ್ ತುಂಬಿದ ಬಾಟಲಿಗೆ ಮುಚ್ಚಳ ತಿರುಗಿಸೋದು. ದಿನಕ್ಕೆ 20 ಪೌಂಡ್. ಆಗಿನ ದರದಲ್ಲಿ ಸಾವಿರದ ಮುನ್ನೂರು ರೂಪಾಯಿ ಆಸುಪಾಸು. ನಮಗೆ ದೊಡ್ಡ ಮೊತ್ತ ಅನ್ನಿಸಬಹುದು, ಆ ದೇಶದ ಖರ್ಚಿಗೆ ಅದು ಏನೇನೂ ಅಲ್ಲ. ಕೆಲವು ತಿಂಗಳು ಹೀಗೇ ನಡೀತು. ಆಮೇಲೆ ಮ್ಯಾಕಲ್ಸ್‌ಫೀಲ್ಡ್ ಕಾಂಟ್ರ್ಯಾಕ್ಟ್ ಕೊಟ್ಟಿತು.

ನಾಲ್ಕು ಮೆಟ್ಟಿಲು, 92 ಕ್ಲಬ್

ಅಲ್ಲಿನ ವ್ಯವಸ್ಥೆ ಗೊತ್ತಾದ್ರೆ ಮುಂದಿನ ಕಥೆ ಸುಲಭ. ಮೇಲೆ ಪ್ರೀಮಿಯರ್ ಲೀಗ್, 20 ಕ್ಲಬ್. ಅದರ ಕೆಳಗೆ ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂ. ಈ ಮೂರರಲ್ಲಿ ತಲಾ 24. ಒಟ್ಟು 92 ಕ್ಲಬ್. ನಮ್ಮ ಐಪಿಎಲ್ ಥರ ಅಲ್ಲ. ಐಪಿಎಲ್‌ನಲ್ಲಿ ಕೊನೇ ಸ್ಥಾನಕ್ಕೆ ಬಂದ್ರೂ ಮುಂದಿನ ವರ್ಷ ಅದೇ ಲೀಗ್. ಅಲ್ಲಿ ಪ್ರೀಮಿಯರ್ ಲೀಗ್‌ನ ತಳದ ಮೂರು ತಂಡ ಕೆಳಗಿಳೀಬೇಕು, ಕೆಳಗಿನಿಂದ ಮೂರು ಮೇಲೇರುತ್ತವೆ. ಕೆಳಗಿನ ಲೀಗ್‌ಗಳಲ್ಲೂ ಇದೇ ರೀತಿ. ತಾಲ್ಲೂಕು ಮಟ್ಟದ ಟೀಮ್ ಕೂಡ ಗೆಲ್ತಾ ಹೋದ್ರೆ ರಾಜ್ಯ ಮಟ್ಟಕ್ಕೆ ಹೋಗಬಹುದು ಅಂದ ಹಾಗೆ. ಇಳಿದ ಕ್ಲಬ್‌ಗೆ ಟಿವಿ ಹಣ ಕಡಿಮೆ ಆಗುತ್ತೆ, ಸಂಬಳ ಕಟ್ ಆಗುತ್ತೆ, ಆಟಗಾರರನ್ನು ಮಾರ್ತಾರೆ. ಜರ್ನಿಮ್ಯಾನ್‌ಗಳು ಇಷ್ಟೊಂದು ಊರು ತಿರುಗೋದಕ್ಕೆ ದೊಡ್ಡ ಕಾರಣ ಇದೇ.

ಟ್ರಾನ್ಸ್‌ಫರ್ ಅಂದ್ರೆ ವರ್ಗಾವಣೆ ಅಲ್ಲ

2002ರಲ್ಲಿ ಸ್ಟಾಕ್‌ಪೋರ್ಟ್ ಕೌಂಟಿ ಲ್ಯಾಂಬರ್ಟ್‌ಗಾಗಿ 3 ಲಕ್ಷ ಪೌಂಡ್ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿ ದಾಟುತ್ತೆ. ಈ ಹಣ ಆಟಗಾರನ ಕೈಗೆ ಹೋಗಲ್ಲ, ಹಳೇ ಕ್ಲಬ್‌ಗೆ ಹೋಗುತ್ತೆ. ಕಾಂಟ್ರ್ಯಾಕ್ಟ್‌ನಲ್ಲಿ ಇನ್ನೂ ವರ್ಷಗಳು ಬಾಕಿ ಇರುವಾಗ ಬಿಟ್ಟುಕೊಡೋದಕ್ಕೆ ತೆಗೆದುಕೊಳ್ಳುವ ಪರಿಹಾರ ಅದು. ಕಾಂಟ್ರ್ಯಾಕ್ಟ್ ಮುಗಿದಿದ್ರೆ ಆಟಗಾರ ಯಾವ ಹಣವೂ ಇಲ್ಲದೆ ಎಲ್ಲಿಗೆ ಬೇಕಾದ್ರೂ ಹೋಗಬಹುದು. ಬೆಲ್ಜಿಯಂನ ಬಾಸ್ಮನ್ ಎಂಬ ಆಟಗಾರ ಹಾಕಿದ ಕೇಸಿನಲ್ಲಿ 1995ರಲ್ಲಿ ಯುರೋಪಿನ ಕೋರ್ಟ್ ಕೊಟ್ಟ ತೀರ್ಪು ಇದಕ್ಕೆ ದಾರಿ ಮಾಡಿತು.

ಸ್ಟಾಕ್‌ಪೋರ್ಟ್‌ನಲ್ಲಿ ಕೈ ಹತ್ತಲಿಲ್ಲ. ಎರಡು ಕೋಟಿ ಕೊಟ್ಟು ತಂದ ಆಟಗಾರನನ್ನು 2005ರಲ್ಲಿ ಪುಕ್ಕಟೆ ಕಳಿಸಿದರು! ಹೋಗಿದ್ದು ರೋಚ್‌ಡೇಲ್‌ಗೆ. ಅಲ್ಲಿ 2005–06ರ ಸೀಸನ್‌ನಲ್ಲಿ 22 ಗೋಲು ಬಂತು. 2006ರಲ್ಲಿ ಬ್ರಿಸ್ಟಲ್ ರೋವರ್ಸ್ 2 ಲಕ್ಷ ಪೌಂಡ್‌ಗೆ ಕೊಂಡಿತು. 2008–09ರಲ್ಲಿ ಲೀಗ್ ಒನ್‌ನಲ್ಲಿ 29 ಗೋಲು, ಟಾಪ್ ಸ್ಕೋರರ್ ಪಟ್ಟಿಯಲ್ಲಿ ಜಂಟಿ ಮೊದಲ ಸ್ಥಾನ.

ಲ್ಯಾಂಬರ್ಟ್ ಓಟದಲ್ಲಿ ಚುರುಕಲ್ಲ. ಆರಡಿ ದಾಟಿದ ದಪ್ಪ ಮೈ. ಶುರುವಿನಲ್ಲಿ ಮಿಡ್‌ಫೀಲ್ಡ್‌ನಲ್ಲೂ ಆಡಿಸಿದ್ದರು. ಹಾಗಿದ್ರೆ ಕ್ಲಬ್‌ಗಳು ದುಡ್ಡು ಕೊಟ್ಟಿದ್ದು ಯಾಕೆ? ಕೆಳ ಲೀಗ್‌ಗಳಲ್ಲಿ ಹಿಂದಿನಿಂದ ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಒದೆಯೋದು ಜಾಸ್ತಿ. ಮುಂದೆ ನಿಂತವನು ಗೋಲ್‌ಗೆ ಬೆನ್ನು ಮಾಡಿ ಅದನ್ನು ಎದೆ ಮೇಲೆ ಇಳಿಸಿಕೊಳ್ಳಬೇಕು. ಹಿಂದಿನಿಂದ ಡಿಫೆಂಡರ್ ತಳ್ತಾ ಇದ್ರೂ ಚೆಂಡು ಬಿಡಬಾರದು. ತನ್ನವರು ಬರೋವರೆಗೂ ಕಾಯ್ದು ಅವರ ಕಾಲಿಗೆ ಕೊಡಬೇಕು. ಲ್ಯಾಂಬರ್ಟ್ ಇದರಲ್ಲಿ ಪಳಗಿದ್ದರು, ಜೊತೆಗೆ ಫ್ರೀಕಿಕ್, ಪೆನಾಲ್ಟಿ ಬೇರೆ.

ಸೌತಾಂಪ್ಟನ್: ಮೂರೇ ವರ್ಷದಲ್ಲಿ ಮೇಲಕ್ಕೆ

2009ರಲ್ಲಿ ಸೌತಾಂಪ್ಟನ್ ಕ್ಲಬ್ ದಿವಾಳಿ ಅಂಚಿಗೆ ಬಂದು ಲೀಗ್ ಒನ್‌ಗೆ ಬಿದ್ದಿತ್ತು. ಹೊಸ ಮಾಲೀಕರು ಬಂದರು. 10 ಪಾಯಿಂಟ್ ದಂಡದ ಜೊತೆ ಸೀಸನ್ ಶುರು. ಹತ್ತು ಲಕ್ಷ ಪೌಂಡ್‌ಗಿಂತ ಹೆಚ್ಚು ಕೊಟ್ಟು ಅದೇ ಆಗಸ್ಟ್‌ನಲ್ಲಿ ಲ್ಯಾಂಬರ್ಟ್‌ರನ್ನು ತಂದರು. ಕೋಚ್ ಅಲನ್ ಪಾರ್ಡ್ಯೂ ಮೊದಲು ಹೇಳಿದ್ದು ತೂಕ ಇಳಿಸು ಅಂತ. ಇಳಿಸಿದರು.

ಮೊದಲ ವರ್ಷವೇ ಲೀಗ್‌ನಲ್ಲಿ 30 ಗೋಲು. 2011ರಲ್ಲಿ ತಂಡ ಚಾಂಪಿಯನ್‌ಷಿಪ್‌ಗೆ ಏರಿತು. 2012ರಲ್ಲಿ ಲ್ಯಾಂಬರ್ಟ್ 27 ಗೋಲು ಹೊಡೆದು ಅಲ್ಲೂ ಟಾಪ್ ಸ್ಕೋರರ್, ತಂಡ ಪ್ರೀಮಿಯರ್ ಲೀಗ್‌ಗೆ. ಮೊದಲ ಪಂದ್ಯವೇ ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿ ವಿರುದ್ಧ, ಅವರ ಮೈದಾನದಲ್ಲೇ. 30 ವಯಸ್ಸಿನ ಲ್ಯಾಂಬರ್ಟ್ ಬದಲಿ ಆಟಗಾರನಾಗಿ ಇಳಿದು ಗೋಲು ಹೊಡೆದರು. ತಂಡ 3–2ರಲ್ಲಿ ಸೋತಿತು, ಅದು ಬೇರೆ ಮಾತು. ಆ ಸೀಸನ್ 15 ಗೋಲು.

ಪೆನಾಲ್ಟಿ ಲೆಕ್ಕ ಇನ್ನೂ ಮಜಾ. ಸಾಮಾನ್ಯವಾಗಿ ನಾಲ್ಕು ಪೆನಾಲ್ಟಿಯಲ್ಲಿ ಮೂರು ಗೋಲಾಗುತ್ತೆ. ಸೌತಾಂಪ್ಟನ್‌ಗೆ ಲ್ಯಾಂಬರ್ಟ್ ಒದ್ದಿದ್ದು 34, ಗೋಲಾಗಿದ್ದೂ 34. ಒಂದೂ ಹುಸಿಯಾಗಲಿಲ್ಲ.

2013ರ ಆಗಸ್ಟ್‌ನಲ್ಲಿ ಮೂರನೇ ಮಗು ಹುಟ್ಟಿದ ದಿನವೇ ಇಂಗ್ಲೆಂಡ್ ತಂಡದಿಂದ ಕರೆ ಬಂತು. ವಯಸ್ಸು 31. ಆಗಸ್ಟ್ 14ರಂದು ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಪಂದ್ಯ 2–2ರಲ್ಲಿತ್ತು. ರೂನಿ ಹೊರಬಂದರು, ಲ್ಯಾಂಬರ್ಟ್ ಒಳಹೋದರು. ಎರಡು-ಮೂರು ನಿಮಿಷದಲ್ಲಿ ಒಂದು ಕಾರ್ನರ್. ಚೆಂಡಿಗೆ ತಲೆ ಕೊಟ್ಟರು, ಗೋಲು! ಇಂಗ್ಲೆಂಡ್ ಪರ ಅವರು ಮುಟ್ಟಿದ ಮೊದಲ ಚೆಂಡೇ ಅದು. 3–2, ಇಂಗ್ಲೆಂಡ್ ಗೆದ್ದಿತು.

ಬಿಟ್ಟ ಮನೆಗೆ ವಾಪಸ್

2014ರ ಜೂನ್‌ನಲ್ಲಿ 40 ಲಕ್ಷ ಪೌಂಡ್ ಕೊಟ್ಟು ಅದೇ ಲಿವರ್‌ಪೂಲ್ ಲ್ಯಾಂಬರ್ಟ್‌ರನ್ನು ಕೊಂಡಿತು. 15ಕ್ಕೆ ಬೇಡ ಅಂದವರು 32ಕ್ಕೆ ಬೇಕು ಅಂದರು. ಅದೇ ತಿಂಗಳು ಬ್ರೆಜಿಲ್ ವಿಶ್ವಕಪ್‌ಗೂ ಹೋದರು. ಅಲ್ಲಿ ಆಡಲು ಸಿಕ್ಕಿದ್ದು ಉರುಗ್ವೆ ವಿರುದ್ಧದ ಕೊನೇ ಕೆಲವು ನಿಮಿಷ ಮಾತ್ರ.

ಸಿನಿಮಾ ಆಗಿದ್ರೆ ಕಥೆ ಇಲ್ಲಿಗೆ ಮುಗೀತಿತ್ತು. ಲಿವರ್‌ಪೂಲ್‌ನಲ್ಲಿ ಹೆಚ್ಚು ಹೊತ್ತು ಬೆಂಚ್ ಮೇಲೇ ಕಳೆದರು. 36 ಪಂದ್ಯ, ಹಲವು ಸಲ ಬದಲಿ ಆಟಗಾರನಾಗಿ, 3 ಗೋಲು ಅಷ್ಟೇ. ಅವರದು ವಾರ ವಾರ ಆಡ್ತಾ ಲಯ ಹಿಡಿಯುವ ಆಟ, ಕೊನೇ ಹತ್ತು ನಿಮಿಷಕ್ಕೆ ಇಳಿಸಿದ್ರೆ ನಡೆಯೋದಲ್ಲ. ಒಂದೇ ವರ್ಷಕ್ಕೆ ವೆಸ್ಟ್ ಬ್ರಾಮ್‌ಗೆ ಮಾರಿದರು. ಅಲ್ಲಿ ಲೀಗ್‌ನಲ್ಲಿ ಬಂದಿದ್ದು ಒಂದೇ ಗೋಲು. 2016ರಲ್ಲಿ ಕಾರ್ಡಿಫ್, ಮತ್ತೆ ಎರಡನೇ ಹಂತದ ಲೀಗ್. 2017ರ ಅಕ್ಟೋಬರ್‌ನಲ್ಲಿ, 35ನೇ ವಯಸ್ಸಿಗೆ ನಿವೃತ್ತಿ. ಇಂಗ್ಲೆಂಡ್ ಪರ ಆಡಿದ್ದು 11 ಪಂದ್ಯ, ಹೊಡೆದಿದ್ದು 3 ಗೋಲು. ಸೌತಾಂಪ್ಟನ್ ಲೆಕ್ಕ ಬೇರೆ: 235 ಪಂದ್ಯ, 117 ಗೋಲು.