ಚೊಚ್ಚಲ ಕೂಸಿನ ಮೊದಲ 42 ದಿನಗಳು

ನಾಟಿ ಮಾಡಿದ ಪೈರು ಬೇರು ಹಿಡಿಯುವವರೆಗಿನ ದಿನಗಳೇ ಅದರ ಗಂಡಾಂತರದ ದಿನಗಳು ಎಂಬುದು ರೈತರಿಗೆಲ್ಲ ತಿಳಿದ ವಿಷಯ. ಹುಟ್ಟಿದ ಕೂಸಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ದೇಶದಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ 28 ದಿನಗಳಲ್ಲೇ ತೀರಿಕೊಳ್ಳುತ್ತವೆ. ಅವುಗಳಲ್ಲಿಯೂ ಹೆಚ್ಚಿನವು ಮೊದಲ ವಾರದಲ್ಲಿ. ಅವಧಿಗೆ ಮುಂಚೆ ಹುಟ್ಟುವುದು, ತೂಕ ಕಡಿಮೆಯಿರುವುದು, ಹುಟ್ಟುವಾಗ ಉಸಿರು ಕಟ್ಟುವುದು ಮತ್ತು ನಂಜು ಇದಕ್ಕೆ ಮುಖ್ಯ ಕಾರಣಗಳು. ಹೆರಿಗೆ ಆಸ್ಪತ್ರೆಯಲ್ಲೇ ಆಗತಕ್ಕದ್ದು. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಕೂಸನ್ನು ಕಾಯುವ ಕೆಲಸ ಮನೆಯವರದು. ಅದಕ್ಕೆ ಬೇಕಾದವು ನಾಲ್ಕು: ತಾಯಿಯ ಹಾಲು, ಬೆಚ್ಚನೆ, ಶುಚಿತ್ವ ಮತ್ತು ಅಪಾಯವನ್ನು ಬೇಗ ಗುರುತಿಸುವ ಕಣ್ಣು.

ಗಿಣ್ಣು ಕರುವಿಗಷ್ಟೇ ಅಲ್ಲ

ಹಸು ಕರು ಹಾಕಿದ ಗಂಟೆಯೊಳಗೆ ಕರುವಿಗೆ ಗಿಣ್ಣು ಕುಡಿಸಬೇಕೆಂಬುದನ್ನು ಯಾರೂ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯಲ್ಲಿ ಬಾಣಂತಿಯ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಬೆಲ್ಲದ ನೀರು, ಜೇನುತುಪ್ಪ ಅಥವಾ ಹರಳೆಣ್ಣೆ ಹಾಕುವುದುಂಟು. ಹಳದಿ ಬಣ್ಣದ ಆ ಮಂದವಾದ ಹಾಲೇ ಮನುಷ್ಯನ ಮಗುವಿನ ಗಿಣ್ಣು. ಅದರಲ್ಲಿರುವ ರೋಗನಿರೋಧಕ ವಸ್ತುಗಳು ಕೂಸಿನ ಕರುಳಿಗೆ ಒಳಗಿನಿಂದ ಲೇಪ ಹಚ್ಚಿದಂತೆ ಕೆಲಸ ಮಾಡಿ ರೋಗಾಣುಗಳನ್ನು ತಡೆಯುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಮೊಲೆಗೆ ಹಚ್ಚಬೇಕು.

ಮೊದಲ ಎರಡು ಮೂರು ದಿನ ಹಾಲು ಸ್ವಲ್ಪವೇ ಇರುತ್ತದೆ. ಚೊಚ್ಚಲ ತಾಯಂದಿರು ಇದರಿಂದ ಗಾಬರಿಯಾಗಬಾರದು. ಆಗ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಬೇಕಾದುದು ಒಂದೆರಡು ಚಮಚ ಮಾತ್ರ. ಕರು ಚೀಪಿದರೆ ಹಸು ಸೊರೆ ಬಿಡುವಂತೆ, ಮಗು ಚೀಪಿದಷ್ಟೂ ತಾಯಿಯ ಹಾಲು ಹೆಚ್ಚುತ್ತದೆ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು. ಐದಾರು ದಿನ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಬಹುದು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು.

ಕೊಟ್ಟಿಗೆಯಲ್ಲಿ ಕರೆಯುವ ಹಸುವಿದೆಯೆಂದು ಆ ಹಾಲನ್ನು ಕೂಸಿಗೆ ಹಾಕಬಾರದು. ಹಸುವಿನ ಹಾಲಿನಲ್ಲಿ ಸಸಾರಜನಕ ತಾಯಿಯ ಹಾಲಿನ ಸುಮಾರು ಮೂರರಷ್ಟಿರುತ್ತದೆ. ಅದು ಬೇಗ ಬೆಳೆಯುವ ಕರುವಿಗಾಗಿ ಇರುವ ಹಾಲು. ಕೂಸಿನ ಎಳೆಯ ಮೂತ್ರಪಿಂಡಗಳಿಗೆ ಅದು ಹೊರೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರನ್ನೂ ಕೊಡಬೇಕಾಗಿಲ್ಲ. ತೇಯ್ದ ಬಜೆಯೂ ಬೇಡ.

ಚಳಿಯಿಂದ ರಕ್ಷಣೆ

ಬೇಲೂರು ಸಮುದ್ರಮಟ್ಟದಿಂದ ಸುಮಾರು 975 ಮೀಟರ್ ಎತ್ತರದಲ್ಲಿದೆ. ಅರೇಹಳ್ಳಿ, ಬಿಕ್ಕೋಡು ಕಡೆ ಆಷಾಢದ ಮಳೆ ಮತ್ತು ಥಂಡಿ. ಹಳೇಬೀಡು, ಮಾದಿಹಳ್ಳಿ ಕಡೆ ಪುಷ್ಯಮಾಸದ ಚಳಿ. ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ಹೆಚ್ಚು. ಆದ್ದರಿಂದ ಅದು ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ತಣ್ಣಗಾದ ಕೂಸು ಹಾಲು ಕುಡಿಯುವುದಿಲ್ಲ; ಹಾಲು ಕುಡಿಯದ ಕೂಸು ಇನ್ನಷ್ಟು ತಣ್ಣಗಾಗುತ್ತದೆ.

ಇದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಕೈಯ ಹಿಂಭಾಗದಿಂದ ಕೂಸಿನ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡಿರಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಚಳಿಯಾಗಿದೆ. ಎರಡೂ ತಣ್ಣಗಿದ್ದರೆ ಅಪಾಯ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಚಳಿಯಾದ ಕೂಸಿಗೆ ತಾಯಿಯ ಮೈಯೇ ಉತ್ತಮ ಕಾವು. ಟೋಪಿ, ಕಾಲುಚೀಲ ಹಾಕಿ, ಎದೆಗೆ ಎದೆ ತಾಗುವಂತೆ ಬರಿಮೈಯಲ್ಲಿ ಅಪ್ಪಿ, ಮೇಲೆ ಕಂಬಳಿ ಹೊದೆಯಬೇಕು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ವೈದ್ಯರು ಶಾಖಪೆಟ್ಟಿಗೆಗಳು ಸಾಲದೆ ಆರಂಭಿಸಿದ ಈ ಕ್ರಮವನ್ನು ಇಂದು ಕಾಂಗರೂ ಆರೈಕೆ ಎನ್ನುತ್ತಾರೆ. 2.5 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇದು ಬಹಳ ಪ್ರಯೋಜನಕಾರಿ. ತಾಯಿ ದಣಿದಿದ್ದಾಗ ತಂದೆಯೂ ಹೀಗೆ ಅಪ್ಪಿಕೊಳ್ಳಬಹುದು.

ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಬಾರದು. ಅದರ ವಿಷಾನಿಲ ಪ್ರಾಣ ತೆಗೆಯಬಲ್ಲದು. ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹುಟ್ಟಿದ ಮೊದಲ ದಿನ ಸ್ನಾನ ಮಾಡಿಸಬಾರದು. ಕಡಿಮೆ ತೂಕದ ಕೂಸಾದರೆ ವೈದ್ಯರು ಹೇಳುವವರೆಗೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಎರೆಯುವಾಗ ಮೂಗು, ಕಿವಿಗಳಿಗೆ ಎಣ್ಣೆ ಬಿಡಬಾರದು.

ಹೊಕ್ಕುಳು, ಕೈ ಮತ್ತು ಹೊಲದ ಬಟ್ಟೆ

ಹೊಕ್ಕುಳಬಳ್ಳಿ ತಾನಾಗಿ ಒಣಗಿ ಉದುರುತ್ತದೆ. ಬೂದಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿರಿ. ಧನುರ್ವಾಯುವಿನ ಬೀಜಕಣಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುತ್ತವೆ. ಗರ್ಭಿಣಿಯರಿಗೆ ಚುಚ್ಚುಮದ್ದು ಹಾಗೂ ಶುಚಿಯಾದ ಹೆರಿಗೆಯಿಂದ 2015ರ ಹೊತ್ತಿಗೆ ಭಾರತವು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆನಿಸಿತು. ಆ ಕಣಗಳು ಮಾತ್ರ ಮಣ್ಣಿನಲ್ಲಿ ಇದ್ದೇ ಇವೆ. ಕೊಟ್ಟಿಗೆ ಕೆಲಸ ಮುಗಿಸಿ ಬಂದವರು ಸೋಪಿನಿಂದ ಕೈ ತೊಳೆಯದೆ ಕೂಸನ್ನು ಮುಟ್ಟಬಾರದು.

ಶುಂಠಿ, ಆಲೂಗೆಡ್ಡೆ, ಕಾಫಿಗೆ ಔಷಧಿ ಸಿಂಪಡಿಸುವವರು ಇನ್ನೊಂದು ಲೆಕ್ಕ ನೆನಪಿಡಬೇಕು. 60 ಕಿಲೋ ತೂಕದ ಗಂಡಸಿನ ಮೈಗೆ ಸೇರಿದ ವಿಷದಷ್ಟೇ 3 ಕಿಲೋ ಕೂಸಿಗೆ ಸೇರಿದರೆ, ತೂಕದ ಲೆಕ್ಕದಲ್ಲಿ ಅದು 20 ಪಟ್ಟಾಗುತ್ತದೆ. ಸಿಂಪಡಿಸಿ ಬಂದವರು ಬಟ್ಟೆ ಬದಲಿಸಿ, ಸೋಪು ಹಚ್ಚಿ ಮಿಂದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬಾರದು. ಔಷಧಿ ಡಬ್ಬಿಗಳು ಮನೆಯೊಳಗೆ ಇರಲೇಬಾರದು.

ತವರಿಗೆ ಹೋದ ಬಾಣಂತಿ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದಾಗ ನವಜಾತ ಶಿಶುಗಳ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಇದರ ವರದಿ 1999ರಲ್ಲಿ ಪ್ರಕಟವಾಯಿತು. ಈ ಅನುಭವದ ಮೇಲೆ 2011ರಿಂದ ದೇಶದಾದ್ಯಂತ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ಕೂಸನ್ನು ತೂಗಿ, ಶಾಖ ನೋಡಿ ಹೋಗುವ ವ್ಯವಸ್ಥೆಯಾಗಿದೆ.

ಆದರೆ ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ಹಳೇಬೀಡು ಹೋಬಳಿಗೆ ಕೊಟ್ಟ ಹೆಣ್ಣು ಅರಸೀಕೆರೆ ಕಡೆಯ ತವರಿಗೆ ಹೋದರೆ, ಆಕೆಯ ಹೆಸರು ಗಂಡನ ಊರಿನ ದಾಖಲೆಯಲ್ಲಿ ಉಳಿದು, ತವರೂರಿನ ಆಶಾಗೆ ವಿಷಯವೇ ತಿಳಿಯದಿರಬಹುದು. ಆಗ ಈ ಆರು ಭೇಟಿಗಳೂ ತಪ್ಪಿಹೋಗುತ್ತವೆ. ಇದನ್ನು ತಪ್ಪಿಸುವುದು ಮಗುವಿನ ತಂದೆಯ ಕೆಲಸ. ತಾಯಿ ಕಾರ್ಡನ್ನು ಜೊತೆಯಲ್ಲೇ ಕಳುಹಿಸಿ, ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ಹೆರಿಗೆಗೆ ಮೊದಲೇ ತಿಳಿಸಿರಬೇಕು.

ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಕಾಮಾಲೆ-ಬಿ ಲಸಿಕೆ, ರಕ್ತಸ್ರಾವ ತಡೆಯುವ ವಿಟಮಿನ್-ಕೆ ಚುಚ್ಚುಮದ್ದು ಆಗಿವೆಯೇ ಎಂದು ಕೇಳಿರಿ. ಮುಂದಿನ ಲಸಿಕೆ ಆರು ವಾರಕ್ಕೆ, ಅಂದರೆ 42ನೆಯ ದಿನದ ಹೊತ್ತಿಗೆ.

ಕಾಯಬಾರದ ಚಿಹ್ನೆಗಳು

1. ಹಾಲು ಕುಡಿಯದಿರುವುದು, ಅಥವಾ ಮೊದಲಿಗಿಂತ ತೀರ ಕಡಿಮೆ ಕುಡಿಯುವುದು.
2. ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಪಕ್ಕೆ ಒಳಕ್ಕೆ ಸೆಳೆಯುವುದು. ಪೂರ್ತಿ ಒಂದು ನಿಮಿಷ ಎಣಿಸಿ, ಮತ್ತೊಮ್ಮೆ ಎಣಿಸಿರಿ.
3. ಮೈ ತಣ್ಣಗಾಗುವುದು ಅಥವಾ ಜ್ವರ ಬರುವುದು.
4. ಸೆಳವು, ಅಥವಾ ಮುಟ್ಟಿದರೂ ಚಲನೆಯಿಲ್ಲದೆ ಮಂಕಾಗಿರುವುದು.
5. ಮೊದಲ ದಿನವೇ ಮೈ ಹಳದಿಯಾಗುವುದು, ಅಥವಾ ಯಾವಾಗಲಾದರೂ ಅಂಗೈ ಅಂಗಾಲು ಹಳದಿಯಾಗುವುದು.
6. ಹೊಕ್ಕುಳ ಸುತ್ತ ಕೆಂಪಾಗುವುದು, ಕೀವು ಸುರಿಯುವುದು.

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ನಂಜೇರಿದ ಕೂಸು ಕೆಲವೇ ಗಂಟೆಗಳಲ್ಲಿ ಕೈಮೀರಬಹುದು. ಸೆಳವಿಗೆ, ಕಾಮಾಲೆಗೆ ಬರೆ ಹಾಕಿಸುವುದು ಚಿಕಿತ್ಸೆಯಲ್ಲ. ಸುಟ್ಟ ಗಾಯದಿಂದ ನಂಜು ಹೆಚ್ಚುತ್ತದೆ, ಹೊತ್ತೂ ಹಾಳಾಗುತ್ತದೆ. 108ಕ್ಕೆ ಕರೆ ಮಾಡಿ. ಬೇಲೂರಿನಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಸುಮಾರು 40 ಕಿ.ಮೀ. ದೂರದ ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕವಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ದಾರಿಯಲ್ಲಿ ಕೂಸು ತಾಯಿಯ ಎದೆಗೆ ಅಪ್ಪಿಕೊಂಡೇ ಇರಲಿ.

ತಾಯಿಯನ್ನು ಮರೆಯದಿರಿ

ಬಾಣಂತಿಗೆ ವಿಶ್ರಾಂತಿ, ಬೆಚ್ಚನೆಯ ಕೋಣೆ, ನೆಂಟರ ಗುಂಪಿನಿಂದ ದೂರ—ನಮ್ಮ ಹಿರಿಯರು ನಡೆಸಿಕೊಂಡು ಬಂದ ಈ ಪದ್ಧತಿ ಬಹಳ ಒಳ್ಳೆಯದು, ಅದನ್ನು ಬಿಡಬೇಡಿರಿ. ನೀರು ಕುಡಿಯಬಾರದು, ಸೊಪ್ಪು ತಿನ್ನಬಾರದು ಎಂಬ ಪಥ್ಯವನ್ನು ಮಾತ್ರ ಬಿಡಬೇಕು. ಹಾಲೂಡಿಸುವವಳಿಗೆ ರಾಗಿ, ಬೇಳೆ, ಸೊಪ್ಪು, ಹಾಲು, ಮೊಟ್ಟೆ ಎಲ್ಲವೂ ಮೊದಲಿಗಿಂತ ಹೆಚ್ಚಾಗಿ ಬೇಕು. ಕಬ್ಬಿಣಾಂಶದ ಮಾತ್ರೆಯನ್ನು 180 ದಿನ ತಪ್ಪದೆ ನುಂಗಬೇಕು. ವಿಪರೀತ ರಕ್ತಸ್ರಾವ, ಜ್ವರ, ಅಥವಾ ಎರಡು ವಾರ ಕಳೆದರೂ ಬಿಡದ ಅಳು ಮತ್ತು ಬೇಸರ ಕಂಡರೆ ವೈದ್ಯರಿಗೆ ತೋರಿಸಬೇಕು.

ಹೊಸದಾಗಿ ತಂದೆತಾಯಿಯಾದ ರೈತ ಬಾಂಧವರು ಆರು ಭೇಟಿಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಅದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು. ಮೇಲಿನ ಆರು ಚಿಹ್ನೆಗಳನ್ನು ಅಜ್ಜಿಯರಿಗೂ ಓದಿ ಹೇಳಬೇಕು. ರಾತ್ರಿ ಕೂಸಿನ ಪಕ್ಕದಲ್ಲಿ ಎಚ್ಚರವಿರುವವರು ಸಾಮಾನ್ಯವಾಗಿ ಅವರೇ.